ಬೇಕರಿಯ ಮೇಲೊಂದು ಕೆಲಸದ ಅಂಗಡಿ

ತಾಳಗುಪ್ಪದಿಂದ ಬರುವ ರಾತ್ರಿ ರೈಲಿನಲ್ಲಿ ಕುಳಿತವರ ಮೇಲೊಮ್ಮೆ ಕಣ್ಣಾಡಿಸಿದರೆ ಸಾಕು, ನಮ್ಮ ಮಲೆನಾಡು ಬೆಂಗಳೂರಿಗೆ ಏನೇನು ಕಳಿಸುತ್ತಿದೆ ಎಂಬುದು ತಿಳಿದುಬಿಡುತ್ತದೆ. ಸೀಟಿನ ಕೆಳಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ, ಹಲಸಿನ ಹಪ್ಪಳದ ಕಟ್ಟು. ಸೀಟಿನ ಮೇಲೆ ಪ್ಲಾಸ್ಟಿಕ್ ಫೈಲು ಹಿಡಿದ ಒಬ್ಬ ಹುಡುಗ ಅಥವಾ ಹುಡುಗಿ. ಫೈಲಿನೊಳಗೆ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಪದವಿಯವರೆಗಿನ ಅಂಕಪಟ್ಟಿಗಳು. ಪಕ್ಕದಲ್ಲಿ ನಿದ್ದೆ ಬಾರದೆ ಕುಳಿತ ಅಪ್ಪನೋ ಮಾವನೋ.

ಈ ಸಲ ಆ ಮಾವ ನಾನೇ ಆಗಿದ್ದೆ. ಸಾಗರದಲ್ಲಿ ಬಿ.ಕಾಂ. ಮುಗಿಸಿದ ಅಕ್ಕನ ಮಗನನ್ನು ಕರೆದುಕೊಂಡು ಹೊರಟಿದ್ದೆ. ಅಂಗಿಯ ಒಳಜೇಬಿನಲ್ಲಿ ಅಕ್ಕ ಕೊಟ್ಟ 15 ಸಾವಿರ ರೂಪಾಯಿ. ಅಡಿಕೆ ಮಾರಿದ ದುಡ್ಡು.

ಆ ಹಣದ ಕಥೆ ಹೀಗಿದೆ. ವಾರದ ಹಿಂದೆ ಬೆಂಗಳೂರಿನ ಯಾವುದೋ ಕನ್ಸಲ್ಟೆನ್ಸಿಯಿಂದ ಹುಡುಗನಿಗೆ ಫೋನು ಬಂದಿತ್ತು. ದೊಡ್ಡ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸವಿದೆ, ಸಂದರ್ಶನ ಹೆಸರಿಗೆ ಮಾತ್ರ, ನೋಂದಣಿ ಮತ್ತು ತರಬೇತಿಯ ಬಾಬ್ತು 15 ಸಾವಿರವನ್ನು ಮೊದಲೇ ಕಟ್ಟಬೇಕು, ತಡವಾದರೆ ಬೇರೆಯವರಿಗೆ ಹೋಗುತ್ತದೆ. ಮನೆಯಲ್ಲಿ ಎರಡು ದಿನ ಚರ್ಚೆಯಾಯಿತು. ಕೊನೆಗೆ ಹಣ ಎಣಿಸಿ ಕೊಡುವಾಗ ಅಕ್ಕ ಒಂದು ಮಾತು ಹೇಳಿದಳು: "ಕಟ್ಟೋಕೆ ಮೊದಲು ನಮ್ಮ ಮೇಷ್ಟ್ರ ಮಗಳಿಗೆ ಕೆಲಸ ಕೊಡಿಸಿದರಲ್ಲ, ಜಯನಗರದ ಆ ಮೇಡಂ, ಅವರ ಹತ್ರ ಒಂದ್ಸಲ ಕೇಳು ಮಾರಾಯ."

ಅಕ್ಕನ ಆ ಒಂದು ಮಾತಿನಿಂದಾಗಿ ನಾನು ಬೆಂಗಳೂರಿನ ಇನ್ನೊಂದು ಮುಖವನ್ನು ನೋಡುವಂತಾಯಿತು. ಕೆಲಸ ಹುಡುಕುವವರ ಬೆಂಗಳೂರು ನಮಗೆಲ್ಲ ಗೊತ್ತು. ಕೆಲಸ ಕೊಡುವ ಗಾಜಿನ ಕಟ್ಟಡಗಳ ಬೆಂಗಳೂರೂ ಗೊತ್ತು. ಇವೆರಡರ ನಡುವೆ ಚಪ್ಪಲಿ ಸವೆಸುತ್ತ ಓಡಾಡುವವರದು ಮತ್ತೊಂದು ಬೆಂಗಳೂರು. ಅದರ ಬಗ್ಗೆ ನಮ್ಮ ಊರುಗಳಲ್ಲಿ ಗೊತ್ತಿರುವುದು ಕಡಿಮೆ.

ಯಾರ ಫೀಸು?

ಮೆಜೆಸ್ಟಿಕ್ಕಿನಿಂದ ಹಸಿರು ಮಾರ್ಗದ ಮೆಟ್ರೋ ಹಿಡಿದು ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗಕ್ಕೆ ಬದಲಾಯಿಸಿಕೊಂಡರೆ ಮುಂದಿನ ನಿಲ್ದಾಣವೇ ರಾಗಿಗುಡ್ಡ. ಗುಡ್ಡದ ಆಂಜನೇಯನಿಗೆ ಕೈಮುಗಿದು ಜಯನಗರ ಒಂಬತ್ತನೇ ಬ್ಲಾಕಿನ ಒಳರಸ್ತೆಗೆ ನಡೆದೆವು. ವಿಳಾಸದಲ್ಲಿ ಹೇಳಿದಂತೆ ಕೆಳಗೆ ಹಾಸನದ ಕಡೆಯವರ ಬೇಕರಿ, ಮೊದಲ ಮಹಡಿಯಲ್ಲಿ ಹೊಲಿಗೆ ಅಂಗಡಿ, ಎರಡನೇ ಮಹಡಿಯಲ್ಲಿ ನಾವು ಹುಡುಕುತ್ತಿದ್ದ ಕಚೇರಿ. ಮೆಟ್ಟಿಲ ತುಂಬಾ ಬೆಣ್ಣೆ ಬಿಸ್ಕತ್ತಿನ ಪರಿಮಳ.

ಎರಡು ಕೋಣೆ, ನಾಲ್ಕು ಮೇಜು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಮೂವರು ಹುಡುಗಿಯರು ಒಂದೇ ಸಮನೆ ಮಾತನಾಡುತ್ತಿದ್ದರು. ಗೋಡೆಯ ಮೇಲೆ ಬಿಳಿ ಹಲಗೆ, ಅದರಲ್ಲಿ ಐದು ಗೆರೆ: ಕಳಿಸಿದ್ದು, ಸಂದರ್ಶನ, ಆಯ್ಕೆ, ಸೇರಿದ್ದು, ಹಣ ಬಂದದ್ದು. ಮೊದಲ ಗೆರೆಯಲ್ಲಿ ಹೆಸರುಗಳು ಕಿಕ್ಕಿರಿದಿದ್ದವು. ಬಲಕ್ಕೆ ಹೋದಂತೆ ತೆಳ್ಳಗಾಗುತ್ತ, ಕೊನೆಯ ಗೆರೆಯಲ್ಲಿ ಎರಡೇ ಹೆಸರು ಉಳಿದಿದ್ದವು. ಈ ವ್ಯವಹಾರದ ಕಷ್ಟವೆಲ್ಲ ಆ ಹಲಗೆಯ ಮೇಲೇ ಇತ್ತು ಎಂದು ಆಮೇಲೆ ಅರ್ಥವಾಯಿತು.

ಒಡತಿಗೆ ನಲವತ್ತೈದರ ಆಸುಪಾಸು. ಪೀಣ್ಯದ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಹತ್ತಾರು ವರ್ಷ ದುಡಿದು, ಅದನ್ನು ಬಿಟ್ಟು ಈ ಕಚೇರಿ ತೆರೆದವರು. ನಮ್ಮ ಪರಿಚಯ ಹೇಳಿಕೊಂಡು, ಸಂಕೋಚದಿಂದಲೇ ಕೇಳಿದೆ: "ತಮ್ಮ ಫೀಸು ಎಷ್ಟಾಗುತ್ತೆ ಮೇಡಂ?"

ಅವರು ನನ್ನ ಮುಖ ನೋಡಿ, "ಯಾರ ಫೀಸು ಸರ್?" ಎಂದರು.

"ಹುಡುಗನದು."

"ಹುಡುಗನಿಂದ ನಾವು ಒಂದು ಪೈಸೆನೂ ತಗೊಳ್ಳಲ್ಲ. ನಮಗೆ ದುಡ್ಡು ಕೊಡೋದು ಕಂಪನಿ. ನಮ್ಮ ಗಿರಾಕಿ ಅವರು, ನೀವಲ್ಲ."

ನಾನು ಒಳಜೇಬು ಮುಟ್ಟಿಕೊಂಡೆ. ಫೋನಿನ ವಿಷಯ ತಿಳಿಸಿದೆ. ಅವರು ಹುಡುಗನ ಫೋನಿನಲ್ಲಿ ಬಂದಿದ್ದ ಪತ್ರ ನೋಡಿ, ದೊಡ್ಡ ಕಂಪನಿಯ ಹೆಸರಿನ ಪತ್ರ ಉಚಿತ ಇ-ಮೇಲ್ ವಿಳಾಸದಿಂದ ಬಂದಿರುವುದನ್ನು ತೋರಿಸಿದರು. ಆ ಕಂಪನಿಯ ಸ್ವಂತ ಜಾಲತಾಣದಲ್ಲಿ ಅಂಥ ಹುದ್ದೆಯೇ ಇರಲಿಲ್ಲ. "ಕೊಟ್ಟಿದ್ರೆ ಹೋಗ್ತಿತ್ತು ಸರ್" ಎಂದಷ್ಟೇ ಹೇಳಿ ಫೋನು ಹಿಂದಿರುಗಿಸಿದರು.

ಒಂದು ತಿಂಗಳ ಸಂಬಳದ ಲೆಕ್ಕ

ಹಾಗಾದರೆ ಈ ಅಂಗಡಿ ನಡೆಯುವುದು ಹೇಗೆ? ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಇದು ತಿಳಿದಿರಬೇಕಾದ ಲೆಕ್ಕ.

ಕಂಪನಿಯೊಂದು ಕನ್ಸಲ್ಟೆನ್ಸಿಯ ಮೂಲಕ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಂಡರೆ, ಅವರ ವಾರ್ಷಿಕ ಸಂಬಳದ ಶೇಕಡಾ 8.33ರಷ್ಟನ್ನು ಕನ್ಸಲ್ಟೆನ್ಸಿಗೆ ಕೊಡುವುದು ಬಹುಕಾಲದ ರೂಢಿ. ನೂರನ್ನು ಹನ್ನೆರಡರಿಂದ ಭಾಗಿಸಿ ನೋಡಿ. ಅಂದರೆ ಒಂದು ತಿಂಗಳ ಸಂಬಳ. ವರ್ಷಕ್ಕೆ 3 ಲಕ್ಷ 60 ಸಾವಿರದ ಕೆಲಸವಾದರೆ 29,988 ರೂಪಾಯಿ. ಹಿರಿಯ ಹುದ್ದೆಗಳಿಗೆ ಪ್ರಮಾಣ ಹೆಚ್ಚುತ್ತದೆ. ಹೊಸಬರನ್ನು ಸಾಲುಸಾಲಾಗಿ ತೆಗೆದುಕೊಳ್ಳುವಾಗ ಕಂಪನಿಗಳು ಚೌಕಾಸಿ ಮಾಡಿ ಇನ್ನೂ ಇಳಿಸುವುದುಂಟು.

ಮೂವತ್ತು ಸಾವಿರ ಕೇಳಿದರೆ ಒಳ್ಳೆಯ ವ್ಯಾಪಾರವೆನಿಸುತ್ತದೆ. ಆದರೆ ಅದು ಕೈಗೆ ಬರುವ ದಾರಿ ಉದ್ದದ್ದು. ಹುಡುಗ ಆಯ್ಕೆಯಾದರೆ ಸಾಲದು, ಕೆಲಸಕ್ಕೆ ಸೇರಬೇಕು. ಸೇರಿದರೂ ಸಾಲದು, ನಿಲ್ಲಬೇಕು. ಎರಡು ಮೂರು ತಿಂಗಳೊಳಗೆ ಬಿಟ್ಟುಹೋದರೆ ಹಣ ವಾಪಸು ಕೊಡಬೇಕು, ಇಲ್ಲವೇ ಅದೇ ಹಣಕ್ಕೆ ಇನ್ನೊಬ್ಬರನ್ನು ಹುಡುಕಿಕೊಡಬೇಕು ಎಂಬ ಕರಾರು ಸಾಮಾನ್ಯ. ಬಿಲ್ಲಿನ ಮೇಲೆ ಶೇಕಡಾ 18ರಷ್ಟು ಜಿಎಸ್‌ಟಿ ಬೇರೆ. ಕಂಪನಿಯಿಂದ ಹಣ ಬಂದಿರಲಿ ಬಾರದಿರಲಿ, ಬಿಲ್ಲು ಬರೆದ ಮೇಲೆ ಆ ತೆರಿಗೆಯನ್ನು ಕಟ್ಟಲೇಬೇಕು. "ಕೆಲವು ತಿಂಗಳು ತೆರಿಗೆ ಕಟ್ಟೋಕೆ ನಾನೇ ಕೈಗಡ ಮಾಡ್ತೀನಿ ಸರ್. ಇನ್ನೂ ಬಾರದ ದುಡ್ಡಿಗೆ ತೆರಿಗೆ" ಎಂದು ಮೇಡಂ ನಕ್ಕರು.

ಹಾಗೆಂದು ಕಾನೂನು ಇಲ್ಲದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಸಂಸ್ಥೆಯ ಬಿಲ್ಲನ್ನು ದೊಡ್ಡ ಕಂಪನಿ ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ ಪಾವತಿಸಬೇಕು. ತಪ್ಪಿದರೆ ಚಕ್ರಬಡ್ಡಿ ತೆರಬೇಕು. 2017ರಲ್ಲಿ ಇಂಥ ದೂರುಗಳಿಗೆಂದೇ ಕೇಂದ್ರ ಸರ್ಕಾರ 'ಸಮಾಧಾನ್' ಎಂಬ ಜಾಲತಾಣವನ್ನೂ ತೆರೆಯಿತು. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳಿದಾಗ ಮೇಡಂ ಸುಮ್ಮನೆ ಕೇಳಿಸಿಕೊಂಡರು. "ಗೊತ್ತು ಸರ್. ದೂರು ಕೊಟ್ರೆ ಹಳೇ ಬಿಲ್ಲು ಬರಬಹುದು. ಹೊಸ ಆರ್ಡರು ಬರುತ್ತಾ?"

ಅಷ್ಟರಲ್ಲಿ ಗಡಿಯಾರ ನೋಡಿದ ಅವರು ಎದ್ದು ನಿಂತರು. ಎಲೆಕ್ಟ್ರಾನಿಕ್ ಸಿಟಿಯ ಒಂದು ದೊಡ್ಡ ಕಂಪನಿಯಲ್ಲಿ ಹನ್ನೊಂದೂವರೆಗೆ ಭೇಟಿ ನಿಗದಿಯಾಗಿತ್ತು. ನಾಲ್ಕು ತಿಂಗಳು ಪತ್ರ ಬರೆದು ಬರೆದು ಸಿಕ್ಕಿದ ಭೇಟಿ. "ನಿಮಗೆ ಬಿಡುವಿದ್ರೆ ಬನ್ನಿ. ಹುಡುಗ ಆ ಊರಾದರೂ ನೋಡಲಿ" ಎಂದು ಕರೆದರು. ನಮಗೆ ಬಿಡುವಲ್ಲದೆ ಬೇರೇನಿತ್ತು?

ಹಳದಿ ಮಾರ್ಗದಲ್ಲಿ

ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನ ತನಕ ನೋಡುವಂಥ ದಾರಿ. ಕೆಳಗೆ ನೆಲದ ರಸ್ತೆ, ಅದರ ಮೇಲೆ ಇನ್ನೊಂದು ರಸ್ತೆ, ಅದಕ್ಕೂ ಮೇಲೆ ಮೆಟ್ರೋ. ಅಟ್ಟದ ಮೇಲೆ ಅಟ್ಟ ಕಟ್ಟಿದ ಹಾಗೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಈ ಹಳದಿ ಮಾರ್ಗ 19 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದವಿದ್ದು, 16 ನಿಲ್ದಾಣಗಳಿವೆ. 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಅದಕ್ಕೆ ಮೊದಲು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನಗಳ ಗೋಜಿನಲ್ಲಿ ಸಿಕ್ಕಿಕೊಂಡು ಭೇಟಿಯ ಸಮಯ ತಪ್ಪಿಸಿಕೊಂಡ ಕಥೆಗಳು ಮೇಡಂ ಬಳಿ ಬೇಕಾದಷ್ಟಿದ್ದವು. "ಅವರು ನಮ್ಮನ್ನ ಎರಡು ಗಂಟೆ ಕಾಯಿಸಬಹುದು. ನಾವು ಹತ್ತು ನಿಮಿಷ ತಡ ಮಾಡೋ ಹಾಗಿಲ್ಲ."

ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಗೇಟ್, ಸಿಂಗಸಂದ್ರ ಎಂದು ನಿಲ್ದಾಣಗಳ ಹೆಸರು ಕೂಗುತ್ತಿದ್ದಂತೆ ಅವು ಒಂದು ಕಾಲದ ಹಳ್ಳಿಗಳೆಂಬುದು ನೆನಪಾಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯೂ ಹಾಗೆಯೇ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಇದನ್ನು ಆರಂಭಿಸಿತು. ಇಲ್ಲೊಂದು ಎಲೆಕ್ಟ್ರಾನಿಕ್ಸ್ ನಗರ ಬರಬೇಕೆಂದು ಕನಸು ಕಂಡವರು ಕಿಯೋನಿಕ್ಸಿನ ಆರ್.ಕೆ. ಬಾಳಿಗ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂದಿದ್ದ ಇನ್ಫೋಸಿಸ್, 1994ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ತನ್ನ ಆವರಣಕ್ಕೆ ಸೇರಿತು. ಆಮೇಲಿನದು ಎಲ್ಲರಿಗೂ ತಿಳಿದ ಸಂಗತಿ.

ಕಂಪನಿಗಳು ಬೆಳೆದಂತೆ ಅವಕ್ಕೆ ಜನ ಹುಡುಕಿಕೊಡುವ ಕಸುಬೂ ಬೆಳೆಯಿತು. ನಾವು ಓದುವ ಕಾಲಕ್ಕೆ ಕೆಲಸವೆಂದರೆ ಉದ್ಯೋಗ ವಿನಿಮಯ ಕೇಂದ್ರದ ಕಾರ್ಡು, ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡ ಜಾಹೀರಾತು, ಟೈಪು ಮಾಡಿಸಿದ ಅರ್ಜಿ. 1997ರಲ್ಲಿ ನೌಕರಿ ಡಾಟ್ ಕಾಮ್ ಬಂತು. ಅದಕ್ಕೂ ಮೊದಲೇ 1992ರಲ್ಲಿ ಕೆ. ಪಾಂಡಿಯರಾಜನ್ ಚೆನ್ನೈಯಲ್ಲಿ 'ಮಾ ಫಾ' ಎಂಬ ಸಣ್ಣ ನೇಮಕಾತಿ ಸಂಸ್ಥೆ ತೆರೆದಿದ್ದರು. ಅದು ಎಷ್ಟು ಬೆಳೆಯಿತೆಂದರೆ 2004ರಲ್ಲಿ ಯುರೋಪಿನ ವೆಡಿಯೋರ್ ಕಂಪನಿಯೇ ಅದರ ದೊಡ್ಡ ಪಾಲನ್ನು ಕೊಂಡಿತು. ಪಾಂಡಿಯರಾಜನ್ ಮುಂದೆ ತಮಿಳುನಾಡಿನಲ್ಲಿ ಮಂತ್ರಿಯೂ ಆದರು. 2002ರಲ್ಲಿ ಶುರುವಾದ ಟೀಮ್‌ಲೀಸ್ 2016ರಲ್ಲಿ ಷೇರುಪೇಟೆ ಏರಿತು. ನೇಮಕಾತಿ ಕಸುಬಿನಲ್ಲೂ ಸಣ್ಣವರು ದೊಡ್ಡವರಾಗಬಹುದೆಂಬುದಕ್ಕೆ ಇವು ಸಾಕ್ಷಿ. ಮೇಡಂ ಆ ಹೆಸರುಗಳನ್ನು ಹೇಳುವಾಗ, ನಮ್ಮೂರ ಹುಡುಗರು ಕ್ರಿಕೆಟ್ ಆಟಗಾರರ ಹೆಸರು ಹೇಳುವ ಹಾಗೆ ಹೇಳಿದರು.

ಪಟ್ಟಿಯೊಳಗೆ ಸೇರುವ ಪಾಡು

ದೊಡ್ಡ ಕಂಪನಿಗೆ ಬಡಗಿ ಬೇಕಾದರೂ ಕ್ಯಾಂಟೀನು ಬೇಕಾದರೂ ಒಂದು ಪಟ್ಟಿ ಇರುತ್ತದೆ. ಅದಕ್ಕೆ ಸೇರಿದವರನ್ನು ವೆಂಡರ್ ಎನ್ನುತ್ತಾರೆ. ಜನ ಹುಡುಕಿಕೊಡುವವರಿಗೂ ಅದೇ ಹೆಸರು. ಪಟ್ಟಿಯೊಳಗೆ ಹೆಸರಿಲ್ಲದಿದ್ದರೆ, ಎಂಥ ಒಳ್ಳೆಯ ಹುಡುಗನನ್ನು ಕಳಿಸಿದರೂ ಅದನ್ನು ಯಾರೂ ತೆರೆದು ನೋಡುವುದಿಲ್ಲ.

ಸೇರುವುದಕ್ಕೆ ಏನೇನು ಬೇಕು? ಪ್ಯಾನ್ ಕಾರ್ಡು, ಜಿಎಸ್‌ಟಿ ಸಂಖ್ಯೆ, ಸಂಸ್ಥೆಯ ನೋಂದಣಿ ಪತ್ರ, ರದ್ದು ಮಾಡಿದ ಚೆಕ್ಕು, ಕಳೆದ ಮೂರು ವರ್ಷದ ವಹಿವಾಟು, ಈಗಾಗಲೇ ಇರುವ ದೊಡ್ಡ ಗಿರಾಕಿಗಳ ಹೆಸರು. ಕೊನೆಯದೇ ಕಗ್ಗಂಟು. ದೊಡ್ಡ ಗಿರಾಕಿ ಇದ್ದರೆ ಮಾತ್ರ ದೊಡ್ಡ ಗಿರಾಕಿ ಸಿಗುತ್ತಾನೆ. ಇದನ್ನು ಕೇಳಿ ಅಕ್ಕನ ಮಗ ಮೊದಲ ಸಲ ಬಾಯಿಬಿಟ್ಟ: "ನನಗೂ ಹಾಗೇ ಹೇಳ್ತಾರೆ ಮೇಡಂ. ಅನುಭವ ಇದ್ರೆ ಕೆಲಸ, ಕೆಲಸ ಮಾಡಿದ್ರೆ ಅನುಭವ."

ಮೇಡಂ ಅವನತ್ತ ತಿರುಗಿ ಹೇಳಿದರು: "ಮತ್ತೇನಪ್ಪಾ, ನಾವೂ ನಿನ್ನ ಹಾಗೇ. ಬಯೋಡಾಟ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತೀವಿ. ನಿನ್ನ ಬಯೋಡಾಟದಲ್ಲಿ ಅಂಕ ಇರುತ್ತೆ, ನಮ್ಮದರಲ್ಲಿ ವಹಿವಾಟು ಇರುತ್ತೆ."

ಆ ಬಾಗಿಲು ದಾಟಲು ಸಣ್ಣವರಿಗೆ ಇರುವ ದಾರಿಗಳು ನಾಲ್ಕೈದು. ಒಂದು, ಎಲ್ಲ ಬಗೆಯ ಕೆಲಸಕ್ಕೂ ಜನ ಕೊಡುತ್ತೇವೆ ಎನ್ನದೆ ಒಂದೇ ಬಗೆಯದನ್ನು ಗಟ್ಟಿಮಾಡಿಕೊಳ್ಳುವುದು. ಚಿಪ್ ವಿನ್ಯಾಸದವರನ್ನೇ ಹುಡುಕುವವರು, ಆಸ್ಪತ್ರೆಯ ದಾದಿಯರನ್ನೇ ಹುಡುಕುವವರು ಹೀಗೆ. ಮೇಡಂ ಹಿಡಿದಿರುವುದು ಲೆಕ್ಕಪತ್ರದ ಕೆಲಸ. ಎರಡು, ದೊಡ್ಡವರು ಕೈಹಾಕದ ಸಣ್ಣ, ತುರ್ತಿನ ಹುದ್ದೆಗಳನ್ನು ತುಂಬಿಕೊಟ್ಟು ನಂಬಿಕೆ ಗಳಿಸುವುದು. ಮೂರು, ಈಗಾಗಲೇ ಪಟ್ಟಿಯಲ್ಲಿರುವ ದೊಡ್ಡ ಕನ್ಸಲ್ಟೆನ್ಸಿಯ ಕೆಳಗೆ ಸೇರಿ ಫೀಸಿನಲ್ಲಿ ಪಾಲು ಪಡೆಯುವುದು. ಇದರಲ್ಲಿ ಹಣವೂ ಅರ್ಧ, ಹೆಸರೂ ಅವರದು. ನಾಲ್ಕು, ಹಿಂದೆ ತಾವು ಕೆಲಸಕ್ಕೆ ಸೇರಿಸಿದ ಹುಡುಗರು ಬೆಳೆದು ಒಳ್ಳೆಯ ಸ್ಥಾನಕ್ಕೆ ಹೋದಾಗ ಅವರು ನೆನಪಿಟ್ಟುಕೊಂಡು ಕರೆಯುವುದು. ಈ ದಿನದ ಭೇಟಿ ಸಿಕ್ಕಿದ್ದೂ ಹಾಗೆಯೇ. ಆರು ವರ್ಷದ ಹಿಂದೆ ಇವರು ಸಣ್ಣ ಕಾರ್ಖಾನೆಯೊಂದಕ್ಕೆ ಸೇರಿಸಿದ್ದ ಹುಡುಗಿ ಈಗ ಈ ಕಂಪನಿಯ ಎಚ್.ಆರ್. ವಿಭಾಗದಲ್ಲಿದ್ದಳು.

ಪಟ್ಟಿಯೊಳಗೆ ಹೋದ ಮೇಲೂ ಓಟ ನಿಲ್ಲುವುದಿಲ್ಲ. ಒಂದೇ ಹುದ್ದೆಯನ್ನು ಹಲವು ವೆಂಡರುಗಳಿಗೆ ಏಕಕಾಲಕ್ಕೆ ತಿಳಿಸುತ್ತಾರೆ. ಒಬ್ಬ ಅಭ್ಯರ್ಥಿಯ ಹೆಸರನ್ನು ಕಂಪನಿಯ ಕಂಪ್ಯೂಟರಿಗೆ ಯಾರು ಮೊದಲು ಸೇರಿಸುತ್ತಾರೋ ಅವರಿಗೇ ಅವನ ಫೀಸು. ಎರಡನೆಯವರಿಂದ ಬಂದದ್ದು 'ಡೂಪ್ಲಿಕೇಟ್' ಎಂದು ತಿರಸ್ಕಾರವಾಗುತ್ತದೆ. ಆ ಅವಸರದಲ್ಲಿ ಕೆಲವರು ಹುಡುಗರನ್ನು ಕೇಳದೆಯೇ ಅವರ ಬಯೋಡಾಟ ಕಳಿಸಿಬಿಡುತ್ತಾರೆ. ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು: ಒಂದೇ ಕಂಪನಿಗೆ ಎರಡು ಕಡೆಯಿಂದ ಹೆಸರು ಹೋದರೆ ಇಬ್ಬರು ವೆಂಡರುಗಳ ಜಗಳದಲ್ಲಿ ಕೂಸು ಬಡವಾಗುವುದುಂಟು. ಆದ್ದರಿಂದ ಯಾವ ಕಂಪನಿಗೆ ಯಾವ ಹುದ್ದೆಗೆ ಕಳಿಸುತ್ತೀರಿ, ಕಳಿಸುವ ಮೊದಲು ನನ್ನನ್ನು ಕೇಳುತ್ತೀರಾ ಎಂದು ಮೊದಲೇ ವಿಚಾರಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಗೇಟಿನ ಹೊರಗೆ

ಕಂಪನಿಯ ಗೇಟಿನಲ್ಲಿ ಮೇಡಂ ಗುರುತಿನ ಚೀಟಿ ತೋರಿಸಿ, ಫೋಟೋ ತೆಗೆಸಿಕೊಂಡು, ಕುತ್ತಿಗೆಗೆ ಪಾಸು ಹಾಕಿಕೊಂಡು ಒಳಗೆ ಹೋದರು. ನಾವಿಬ್ಬರೂ ಎದುರಿನ ಟೀ ಗಾಡಿಯ ಪಕ್ಕ ನಿಂತೆವು.

ಬೆಂಗಳೂರಿನಲ್ಲಿ ನೋಡಬೇಕಾದ ಜಾಗ ಯಾವುದೆಂದು ಯಾರಾದರೂ ಕೇಳಿದರೆ, ಲಾಲ್‌ಬಾಗು, ವಿಧಾನಸೌಧದ ಜೊತೆಗೆ ಈ ಗೇಟುಗಳ ಹೊರಗಿನ ಜಗತ್ತನ್ನೂ ತೋರಿಸಬೇಕು. ಒಳಗೆ ಕತ್ತರಿಸಿ ಜೋಡಿಸಿದಂಥ ಹುಲ್ಲುಹಾಸು, ಸದ್ದಿಲ್ಲದ ಗಾಜಿನ ಬಾಗಿಲು. ಹೊರಗೆ ಧೂಳು, ಎಳನೀರು, ಚುರುಮುರಿ, ಕ್ಯಾಬುಗಳ ಸಾಲು. ಅಲ್ಲಿ ನಿಂತವರೆಲ್ಲ ಒಳಗಿನಿಂದ ಏನನ್ನೋ ನಿರೀಕ್ಷಿಸುವವರೇ. ಊಟದ ಗುತ್ತಿಗೆಯವರ ಹುಡುಗ, ಕುಡಿಯುವ ನೀರಿನ ಕ್ಯಾನಿನವನು, ಸಂದರ್ಶನಕ್ಕೆ ಬಂದು ಟೈ ಸರಿಮಾಡಿಕೊಳ್ಳುತ್ತಿದ್ದ ಹುಡುಗರು. ನಮ್ಮ ಪಕ್ಕದಲ್ಲೇ ಟೀ ಕುಡಿಯುತ್ತಿದ್ದ ಚಿಕ್ಕ ವಯಸ್ಸಿನವನೊಬ್ಬ ಮಾತಿಗೆ ಸಿಕ್ಕಿದ. ಅವನದೂ ಕನ್ಸಲ್ಟೆನ್ಸಿ. ಸ್ನೇಹಿತನೊಡನೆ ಸೇರಿ ಶುರುಮಾಡಿ ಒಂದು ವರ್ಷವಾಗಿತ್ತಂತೆ. ಅಂದು ಅವನಿಗೆ ಒಳಗಿನವರು ಸಿಗಲಿಲ್ಲ. "ಮೂರನೇ ಸಲ ಸಾರ್" ಎಂದು ಲೋಟ ಕೆಳಗಿಟ್ಟು ಬೈಕು ಹತ್ತಿದ.

ಸೆಕ್ಯೂರಿಟಿಯವರು ಗದಗಿನ ಕಡೆಯವರು. ನಾವು ಕನ್ನಡದವರೆಂದು ತಿಳಿದು ಅಕ್ಕನ ಮಗನಿಗೆ ಕೂರಲು ಪ್ಲಾಸ್ಟಿಕ್ ಸ್ಟೂಲು ಕೊಟ್ಟರು. "ದಿನಾ ಫೈಲ್ ಹಿಡಕೊಂಡು ಬರೋರನ್ನ ನೋಡ್ತೀನ್ರೀ. ಕೆಲಸ ಕೇಳಾಕ ಬಂದೋರು ಯಾರು, ಕೆಲಸ ಕೊಡಸ್ತೀವಿ ಅಂತ ಬಂದೋರು ಯಾರು, ಮುಖ ನೋಡಿ ಹೇಳಾಕ ಆಗೂದಿಲ್ರೀ" ಎಂದರು.

ಮೇಡಂ ಹೊರಬಂದಾಗ ಒಂದೂಮುಕ್ಕಾಲು. ಮಾತುಕತೆ ಇಪ್ಪತ್ತು ನಿಮಿಷ, ಉಳಿದದ್ದೆಲ್ಲ ಕಾಯುವುದು. ಆದರೂ ಮುಖದಲ್ಲಿ ಬೆಳಕಿತ್ತು. ಪಟ್ಟಿಗೆ ಈಗಲೇ ಸೇರಿಸುವುದಿಲ್ಲ. ಪರೀಕ್ಷೆಗೆಂದು ಎರಡು ಹುದ್ದೆ ಕೊಟ್ಟಿದ್ದಾರೆ. ಲೆಕ್ಕಪತ್ರ ವಿಭಾಗ, ಬಿಲ್ಲು ಪರಿಶೀಲಿಸುವ ಕೆಲಸ, ಬಿ.ಕಾಂ. ಆಗಿರಬೇಕು. ಹದಿನೈದು ದಿನದೊಳಗೆ ಸರಿಯಾದ ಜನ ಕೊಟ್ಟರೆ ಮುಂದಿನ ಮಾತು.

ನನ್ನ ಎದೆ ಹೊಡೆದುಕೊಂಡಿತು. ಬಿ.ಕಾಂ. ಆದ ಹುಡುಗ ಪಕ್ಕದಲ್ಲೇ ನಿಂತಿದ್ದಾನಲ್ಲ!

ಕಳಿಸದ ಹೆಸರು

ಹಿಂದಿರುಗುವ ಮೆಟ್ರೋದಲ್ಲಿ ಹುಡುಗನೇ ಕೇಳಿದ: "ನನ್ನ ಹೆಸರು ಕಳಿಸ್ತೀರಾ ಮೇಡಂ?"

ಅವರು ತಕ್ಷಣ ಉತ್ತರಿಸಲಿಲ್ಲ. ಫೈಲು ತೆರೆದು ಕಂಪನಿಯವರು ಕೊಟ್ಟ ಹಾಳೆಯನ್ನು ಅವನ ಕೈಗಿತ್ತರು. ಒಂದು ವರ್ಷದ ಅನುಭವ, ಎಕ್ಸೆಲ್ ಚೆನ್ನಾಗಿ ಗೊತ್ತಿರಬೇಕು, ಇಂಗ್ಲಿಷಿನಲ್ಲಿ ಪತ್ರ ವ್ಯವಹಾರ ಮಾಡಬೇಕು ಎಂದಿತ್ತು. ಅವನು ಓದಿ ಹಾಳೆಯನ್ನು ಹಿಂದೆ ಕೊಟ್ಟ.

"ಎಕ್ಸೆಲ್ಲು ಕಲಿಯಬಹುದು" ಎಂದು ನಾನು ನಡುವೆ ಬಾಯಿಹಾಕಿದೆ. "ಅನುಭವ ಅಂತ ಏನಾದರೂ... ಊರಲ್ಲಿ ಸೊಸೈಟಿಯಲ್ಲಿ ಸ್ವಲ್ಪ ದಿನ ಓಡಾಡಿದ್ದಾನೆ."

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಬೆಳಿಗ್ಗೆ ಸುಳ್ಳು ಕಂಪನಿಯವರನ್ನು ಬೈದುಕೊಂಡವನು ಮಧ್ಯಾಹ್ನದ ಹೊತ್ತಿಗೆ ಸುಳ್ಳು ಅನುಭವ ಹೊಂದಿಸುತ್ತಿದ್ದೆ.

ಮೇಡಂ ಕೋಪಿಸಿಕೊಳ್ಳಲಿಲ್ಲ. "ಬರೆದು ಕಳಿಸೋರು ಇದ್ದಾರೆ ಸರ್, ಅನುಭವದ ಸರ್ಟಿಫಿಕೇಟ್ ಮಾಡಿಕೊಡೋರೂ ಇದ್ದಾರೆ. ಕೆಲಸಕ್ಕೆ ಸೇರಿಸಿಕೊಳ್ಳೋವಾಗ ಹಿಂದಿನದನ್ನೆಲ್ಲ ತನಿಖೆ ಮಾಡಿಸ್ತಾರೆ. ಸಿಕ್ಕಿಬಿದ್ದರೆ ಹುಡುಗನ್ನ ತೆಗೆದುಹಾಕ್ತಾರೆ, ಆ ಕಂಪನಿ ಬಾಗಿಲು ಅವನಿಗೆ ಮುಚ್ಚಿಹೋಗುತ್ತೆ. ನನಗೂ ಮುಚ್ಚಿಹೋಗುತ್ತೆ. ನಾನು ನಾಲ್ಕು ತಿಂಗಳು ಕಾದಿದ್ದು ಎರಡು ಹೆಸರು ಕಳಿಸೋಕೆ. ಅವೆರಡೂ ನಿಜವಾಗಿರಬೇಕು."

ಆಮೇಲೆ ಹುಡುಗನಿಗೆ ಮೃದುವಾಗಿ ಹೇಳಿದರು: "ನಿನ್ನ ಹೆಸರು ಕಳಿಸಲ್ಲ ಅಂತಲ್ಲಪ್ಪಾ. ಇವತ್ತು ಕಳಿಸಲ್ಲ."

ಎಲ್ಲರೂ ಸುಮ್ಮನಾದೆವು. ಆ ಮೌನದಲ್ಲಿ ಒಂದು ಸಂಗತಿ ನನಗೆ ಸ್ಪಷ್ಟವಾಯಿತು. ಗಿರಾಕಿ ಕಂಪನಿ ಎಂದು ಅವರು ಬೆಳಿಗ್ಗೆ ಹೇಳಿದ್ದರ ಎರಡನೇ ಅರ್ಥ ಇದು. ಕಂಪನಿಯ ಹಣ ಪಡೆಯುವವರು ಕಂಪನಿ ಕೇಳಿದ್ದನ್ನೇ ಹುಡುಕುತ್ತಾರೆ, ನಮ್ಮ ಮಕ್ಕಳಿಗೆ ಬೇಕಾದ್ದನ್ನಲ್ಲ. ಇದು ಕ್ರೂರವಲ್ಲ, ಈ ಕಸುಬಿನ ಸ್ವಭಾವ. ಆದರೆ ಹುಡುಗನಿಂದಲೇ ಹಣ ಪಡೆಯುವವನು ಹುಡುಗನನ್ನು ಎಲ್ಲಿಗಾದರೂ ಸೇರಿಸಲೇಬೇಕೆಂಬ ಕಷ್ಟಕ್ಕೂ ಹೋಗುವುದಿಲ್ಲ. ಅವನ ಸಂಪಾದನೆ ಮೊದಲ ದಿನವೇ ಮುಗಿದಿರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1997ರ ತನ್ನ 181ನೇ ಒಡಂಬಡಿಕೆಯಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಖಾಸಗಿ ಉದ್ಯೋಗ ಸಂಸ್ಥೆಗಳು ಕೆಲಸಗಾರರಿಂದ ಶುಲ್ಕ ಪಡೆಯಬಾರದೆಂದು ಹೇಳಿರುವುದು ಇದೇ ಕಾರಣಕ್ಕಿರಬೇಕು.

ತಂದೆತಾಯಿಗಳು ಗಮನಿಸಬೇಕಾದ ಇನ್ನೆರಡು ಮಾತುಗಳನ್ನು ಮೇಡಂ ಇಳಿಯುವ ಮೊದಲು ಹೇಳಿದರು. ಮೂಲ ಅಂಕಪಟ್ಟಿಗಳನ್ನು ಯಾವ ಕನ್ಸಲ್ಟೆನ್ಸಿಗೂ ಒಪ್ಪಿಸಿ ಬರಬಾರದು, ನಕಲು ಸಾಕು. ಕೆಲಸ ಸಿಕ್ಕಿತೆಂಬ ಪತ್ರ ಬಂದರೆ ಅದನ್ನು ಕಂಪನಿಯ ಸ್ವಂತ ಜಾಲತಾಣದ ಮೂಲಕ ಕಂಪನಿಯವರನ್ನೇ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು. ಇದಕ್ಕೆ ನಾನು ಸೇರಿಸುವುದು ಇಷ್ಟು: ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣದಲ್ಲಿ ನೋಂದಣಿ ಉಚಿತ. ಊರಲ್ಲೇ ಕುಳಿತು ಮಾಡಿಕೊಳ್ಳಬಹುದು.

ಹುಡುಗರಿಗೂ ಒಂದು ಮಾತಿದೆ. ಬರುತ್ತೇನೆಂದು ಒಪ್ಪಿಕೊಂಡು, ಕೊನೆಯ ದಿನ ಫೋನು ಎತ್ತದೆ ಕುಳಿತುಬಿಡುವುದು ಈಗೀಗ ಹೆಚ್ಚಾಗಿದೆಯಂತೆ. ದೊಡ್ಡ ಕಂಪನಿಗೆ ಅದು ಒಂದು ಸಂಖ್ಯೆಯಷ್ಟೆ. ಬೇಕರಿಯ ಮೇಲಿನ ಆ ನಾಲ್ಕು ಮೇಜಿನವರಿಗೆ ಅದು ಮೂರು ತಿಂಗಳ ದುಡಿಮೆ. ಬೇರೆ ಕಡೆ ಸೇರುವುದಾದರೆ ಹೇಳಿಬಿಡಿ. ಹೇಳಿದವರನ್ನು ಅವರು ಮತ್ತೆ ಕರೆಯುತ್ತಾರೆ.

ಹದಿನೈದು ಸಾವಿರ

ಸಂಜೆ ಕಚೇರಿಯಿಂದ ಹೊರಡುವ ಮೊದಲು ಮೇಡಂ ಒಂದು ಫೋನು ಮಾಡಿದರು. ಜಯನಗರದಲ್ಲೇ ಇರುವ ಲೆಕ್ಕಪರಿಶೋಧಕರೊಬ್ಬರ ಕಚೇರಿಗೆ ಸಹಾಯಕ ಬೇಕಾಗಿದ್ದ. ತಿಂಗಳಿಗೆ 14 ಸಾವಿರ. ಗಾಜಿನ ಕಟ್ಟಡವಲ್ಲ, ಮನೆಯ ಮುಂಭಾಗದ ಎರಡು ಕೋಣೆ. "ಒಂದು ವರ್ಷ ಕೂತು ಕಲಿ. ಎಕ್ಸೆಲ್ಲು, ಜಿಎಸ್‌ಟಿ ಲೆಕ್ಕ ಎಲ್ಲಾ ಬರುತ್ತೆ. ಆಮೇಲೆ ನನ್ನ ಹತ್ರ ಬಾ, ಆ ಹಾಳೆಯಲ್ಲಿದ್ದದ್ದು ಆಗ ನಿನ್ನಲ್ಲಿ ನಿಜವಾಗಿ ಇರುತ್ತೆ" ಎಂದರು. ಅಷ್ಟು ಸಣ್ಣ ಕಚೇರಿಯಿಂದ ತಾವು ಫೀಸು ಕೇಳುವುದಿಲ್ಲವೆಂದೂ ಹೇಳಿದರು. ಅದರ ಲಾಭ ಅವರಿಗೇನು ಎಂದು ನಾನು ಕೇಳಲಿಲ್ಲ. ಆರು ವರ್ಷದ ಹಿಂದಿನ ಆ ಹುಡುಗಿಯ ಕಥೆ ಆಗಲೇ ಕೇಳಿದ್ದೆನಲ್ಲ.

ಮೆಟ್ಟಿಲಿಳಿದು ಕೆಳಗಿನ ಬೇಕರಿಯಲ್ಲಿ ಅಕ್ಕನಿಗೆಂದು ಬೆಣ್ಣೆ ಬಿಸ್ಕತ್ತು, ಮೇಲಿನ ಹುಡುಗಿಯರಿಗೆಂದು ದಿಲ್‌ಪಸಂದ್ ಕಟ್ಟಿಸಿದೆ. ಅಕ್ಕನ ಮಗ ದಿಲ್‌ಪಸಂದಿನ ಪೊಟ್ಟಣ ಹಿಡಿದು ಮತ್ತೆ ಮೆಟ್ಟಿಲು ಹತ್ತಿದ. ಇಳಿದು ಬಂದವನು ಹೇಳಿದ: "ಮಾವ, ಆ ಹಲಗೆ ಮೇಲೆ ಮೊದಲನೇ ಗೆರೆಗೆ ಎರಡು ಹೊಸ ಹೆಸರು ಬರೆದಿದ್ದಾರೆ. ಕೊನೇಲಿ, ಗೆರೆಗಳ ಹೊರಗೆ, ಮೂಲೇಲಿ ನನ್ನ ಹೆಸರು ಬರೆದು ಮುಂದಿನ ವರ್ಷದ ಇಸವಿ ಹಾಕಿದ್ದಾರೆ."

ರಾತ್ರಿ ರೈಲಿಗೆ ಹತ್ತಿದಾಗ ಒಳಜೇಬಿನ ದುಡ್ಡು ಬೆಚ್ಚಗೆ ಹಾಗೇ ಇತ್ತು. ಎದುರಿನ ಸೀಟಿನಲ್ಲಿ ಒಬ್ಬ ತಂದೆ, ಪ್ಲಾಸ್ಟಿಕ್ ಫೈಲು ಹಿಡಿದ ಮಗಳು. ಅವರೂ ಬೆಂಗಳೂರಿಗೆ ಕೆಲಸಕ್ಕೆಂದು ಬಂದು ಮರಳುತ್ತಿದ್ದರು. "ಎಷ್ಟು ಕಟ್ಟಿದಿರಿ?" ಎಂದು ಆತ ಕೇಳಿದರು.

ನಾನು ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಅವರ ಮುಂದಿಟ್ಟು, ನಡೆದದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿದೆ.